ಕೊಟ್ರಬಸಮ್ಮನ ರಂಗೋಲಿಯನ್ನು ಯಾರ್ಯಾರು ನೋಡಿದರು?

ಹೊಸಪೇಟೆಯ ಆ ಓಣಿಯಲ್ಲಿ ಕೊಟ್ರಬಸಮ್ಮನ ಮನೆ ಮುಂದೆ ಬಂದರೆ ಸೈಕಲ್‌ನವರೂ ಇಳಿದು, ಬದಿಗೆ ಸರಿದು, ಸುತ್ತಿಕೊಂಡು ಹೋಗುತ್ತಿದ್ದರು. ಅಷ್ಟು ಚೆಂದದ ರಂಗೋಲಿಯನ್ನು ತುಳಿಯಲು ಮನಸ್ಸಾದರೂ ಹೇಗೆ ಬಂದೀತು?

ವರ್ಷದ ಹಿಂದೆ ಮಗಳು ಸ್ಫೂರ್ತಿ ತಾಯಿಯನ್ನು ಫೋನಿನ ಒಂದು ರಂಗೋಲಿ ಗುಂಪಿಗೆ ಸೇರಿಸಿದ್ದಳು. ಅವತ್ತಿನಿಂದ ಬೆಳಿಗ್ಗೆ ಆರಕ್ಕೆ ರಂಗೋಲಿ, ಆರೂ ಕಾಲಿಗೆ ಫೋಟೊ. ಸಾವಿರಾರು ಜನ ಮೆಚ್ಚುವವರು. ಅವರಲ್ಲಿ 'ಮಲ್ಲಿಗೆ ಮೊಗ್ಗು' ಎಂಬ ಹೆಸರಿನವರದು ದಿನವೂ ಮೊದಲ ಶಹಬ್ಬಾಸ್. ಹೆಸರಿನ ಪಕ್ಕದಲ್ಲಿ ಮಲ್ಲಿಗೆಯ ಚಿತ್ರ. ಯಾರೋ ತನ್ನಂಥ ಗೃಹಿಣಿ ಎಂದುಕೊಂಡು ಕೊಟ್ರಬಸಮ್ಮ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಳು. ಹೊಗಳಿಕೆಗೆ ಹಿಗ್ಗದವರು ಯಾರಿದ್ದಾರೆ ಹೇಳಿ!

ಒಂದು ಶುಕ್ರವಾರ ತವರಿನಲ್ಲಿ ಅವ್ವನ ಕಣ್ಣಿನ ಆಪರೇಷನ್. ಗಂಡ ಹಾಲೇಶ್ ಕುರೆಕುಪ್ಪದ ಕಡೆಯ ಫ್ಯಾಕ್ಟರಿಗೆ ಹಗಲಿನ ಶಿಫ್ಟಿಗೆ ಹೋಗಿದ್ದ. ಸಂಜೆ ಸ್ಫೂರ್ತಿ ಬಂದರೆ ಕೊಡಲೆಂದು ಬೀಗದ ಕೈಯನ್ನು ಪಕ್ಕದ ಮನೆಯ ಹೂವಿನ ದುರ್ಗಕ್ಕನಿಗೆ ಒಪ್ಪಿಸಿ, ರಂಗೋಲಿ ಹಾಕದೆಯೇ ಕೊಟ್ರಬಸಮ್ಮ ಕಂಪ್ಲಿ ಬಸ್ ಹತ್ತಿದಳು. ಇನ್ನೂ ಕಂಪ್ಲಿ ಮುಟ್ಟಿರಲಿಲ್ಲ, ಫೋನಿಗೆ ಸಂದೇಶ ಬಂತು.

"ಅಕ್ಕಾ, ಇವತ್ತು ರಂಗೋಲಿ ಇಲ್ಲ. ಕಂಪ್ಲಿಗೆ ಹೋಗಿದ್ದೀರಾ? ಸ್ಫೂರ್ತಿ ಬರುವವರೆಗೆ ಮನೆಗೆ ಬೀಗವೇ?"

ಕಳುಹಿಸಿದ್ದು ಮಲ್ಲಿಗೆ ಮೊಗ್ಗು.

ಕೊಟ್ರಬಸಮ್ಮ ಸಂದೇಶವನ್ನು ಮತ್ತೊಮ್ಮೆ ಓದಿದಳು. ಬೀಗ ಹಾಕಿದ್ದು ಇವರಿಗೆ ಹೇಗೆ ಗೊತ್ತು? ಗೊತ್ತಿದ್ದವಳು ದುರ್ಗಕ್ಕ ಒಬ್ಬಳೇ. ದಿನಾ ನಾಲ್ಕು ಓಣಿ ಸುತ್ತಿ ಹೂವು ಮಾರುವವಳು, ಎಲ್ಲಿ ಏನು ಬಾಯಿ ಬಿಟ್ಟಳೋ! ಸಂಜೆ ಊರಿನಿಂದ ಬಂದವಳೇ ಕೊಟ್ರಬಸಮ್ಮ, "ಬೀಗದ ಕೈ ಕೊಡು," ಎಂದಳು. ದುರ್ಗಕ್ಕ, "ಅವ್ವಗ ಹೆಂಗೈತಿ?" ಎಂದು ಕೇಳುವಷ್ಟರಲ್ಲಿ ಇವಳು ಆಗಲೇ ಮನೆಯತ್ತ ತಿರುಗಿದ್ದಳು. ಮರುದಿನದಿಂದ ಹೂವೂ ಬೇಡವಾಯಿತು.

ಸಂಶಯ ಒಮ್ಮೆ ಹೊಸ್ತಿಲು ದಾಟಿದರೆ ಮುಗಿಯಿತು, ಮನೆಯನ್ನೆಲ್ಲ ಆಳುತ್ತದೆ. ಹಾಲು ಹಾಕುವ ಪಕ್ಕೀರಪ್ಪ ಕತ್ತೆತ್ತಿ ಒಳಗೆ ನೋಡಿದನಾ? ಗೇಟಿನ ಮುಂದೆ ಆ ಆಟೊ ಯಾಕೆ ನಿಂತಿದೆ? ಕೊಟ್ರಬಸಮ್ಮ ಕಿಟಕಿ ಪರದೆ ಸರಿಸಿ ಸರಿಸಿ ನೋಡತೊಡಗಿದಳು. ಫೋಟೊ ಹಾಕುವುದನ್ನು ಮಾತ್ರ ಬಿಡಲಿಲ್ಲ.

ಮಂಗಳವಾರ ಇನ್ನೊಂದು ಸಂದೇಶ. "ಸ್ಫೂರ್ತಿ ಆರಕ್ಕೆ ಟ್ಯೂಷನ್ ಬಿಟ್ಟು ನೀಲಿ ಗೇಟಿನವರೆಗೂ ಒಬ್ಬಳೇ ನಡೆದು ಬರುತ್ತಾಳಲ್ಲ, ನಿಮಗೆ ಭಯ ಆಗುವುದಿಲ್ಲವೇ ಅಕ್ಕಾ?"

ಓದಿದ ಹಾಲೇಶನ ಮುಖ ಕಪ್ಪಿಟ್ಟಿತು. "ನಾಳಿಂದ ಟ್ಯೂಷನ್ ಬ್ಯಾಡ. ಕಾಲೇಜೂ ಸದ್ಯಕ್ಕ ಬ್ಯಾಡ. ಸುಮ್ಮನ ಮನ್ಯಾಗಿರ್ಲಿ."

ಸ್ಫೂರ್ತಿಯ ಕಣ್ಣು ತುಂಬಿ ಬಂತು. "ಪರೀಕ್ಷೆಗೆ ಎರಡು ತಿಂಗಳೈತಿ ಅಪ್ಪಾ. ಯಾರೋ ತಪ್ಪು ಮಾಡಿದ್ರ ಮನ್ಯಾಗ ಕುಂದ್ರೋದು ನಾನಾ?"



ಮರುದಿನ ಸ್ವಸಹಾಯ ಸಂಘದ ಸಭೆ. ದುರ್ಗಕ್ಕನನ್ನು ಕಂಡದ್ದೇ ಕೊಟ್ರಬಸಮ್ಮನಿಗೆ ತಡೆಯಲಾಗಲಿಲ್ಲ. ಸಂದೇಶವನ್ನು ಎಲ್ಲರೆದುರು ಓದಿ, "ನಿನ್ನ ಬಾಯಿಂದಾನ ನನ್ನ ಮಗಳ ಓದು ನಿಲ್ಲಾಕತ್ತೈತಿ. ಯಾರಿಗೆ ಹೇಳಿದಿ, ಹೇಳು!" ಎಂದು ಕೂಗಿದಳು.

ದುರ್ಗಕ್ಕ ಸೆರಗಿನ ಗಂಟಿನಿಂದ ರಬ್ಬರ್ ಬ್ಯಾಂಡ್ ಸುತ್ತಿದ ಗುಂಡಿ ಫೋನನ್ನು ತೆಗೆದು ಚಾಪೆಯ ಮೇಲಿಟ್ಟಳು. "ನೋಡವಾ ತಾಯಿ. ಇದ್ರಾಗ ಹಲೋ ಅನ್ನೋದೊಂದ ಬರ್ತೈತಿ. ನಿನ್ನ ಮಗಳು ನನ್ನ ಕಣ್ಣಮುಂದ ಬೆಳದಾಕಿ. ಆಕಿ ಸುದ್ದಿ ನಾ ಮಾರ್ತೀನಾ?"

ಸಂಘದ ಶೈಲಶ್ರೀ ನಡುವೆ ಬಂದಳು. ಗ್ರಂಥಾಲಯದ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಮಾಡುವ ಹುಡುಗಿ. "ಬಸಮ್ಮಕ್ಕಾ, ಒಂದಿಷ್ಟು ಕುಂದ್ರಿ. ನಾ ಒಮ್ಮೆನಾದ್ರೂ ನಿಮ್ಮ ಮನಿಗೆ ಬಂದೀನೇನ್ರಿ?"

"ಇಲ್ಲ."

"ಹತ್ತು ನಿಮಿಷ ಕೊಡ್ರಿ. ಆ ಗುಂಪಿನ ಹೆಸರು ಹೇಳ್ರಿ."

ಗುಂಪಿನ ಬಾಗಿಲು ಯಾರಿಗೂ ತೆರೆದಿತ್ತು. ಶೈಲಶ್ರೀ ತನ್ನ ಫೋನಿನಿಂದಲೇ ಸೇರಿ, ಕೊಟ್ರಬಸಮ್ಮನ ಹಳೆಯ ಫೋಟೊಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಆಮೇಲೆ ಶುರು ಮಾಡಿದಳು.

"ನಿಮ್ಮದು ನೀಲಿ ಗೇಟು. ಎದುರಿಗೆ ಹಿಟ್ಟಿನ ಗಿರಣಿ, ಅದರ ಬೋರ್ಡಿನ್ಯಾಗ ಓಣಿ ಹೆಸರೈತಿ. ಬಾಗಲದಾಗ ಮಗಳ ಬ್ಯಾಗು, ಅದ್ರ ಮ್ಯಾಲ ಟ್ಯೂಷನ್ ಹೆಸರು. 'ಮಗಳು ಸ್ಫೂರ್ತಿ ಆರಕ್ಕ ಟ್ಯೂಷನ್ ಬಿಟ್ಟು ನಡಕೊಂಡ ಬರ್ತಾಳ' ಅಂತ ದಸರಾದಾಗ ಬರ್ದೀರಿ. 'ತವರುಮನಿ ಕಂಪ್ಲಿ, ಶುಕ್ರವಾರ ಅವ್ವನ ಆಪರೇಷನ್,' ಇದು ಹೋದ ವಾರದ್ದು. ಗಂಡಂದು ಹಗಲಿನ ಶಿಫ್ಟು, ಅದೂ ಐತಿ. ದಿನಾ ಆರೂ ಕಾಲಿಗೆ ಬರೋ ಫೋಟೊ ಶುಕ್ರವಾರ ಬರಲಿಲ್ಲ. ಅಂದ್ರ ಮನಿಗೆ ಬೀಗ. ಇದಕ್ಕ ದುರ್ಗಕ್ಕ ಯಾಕ ಬೇಕ್ರಿ?"

ಕೊಟ್ರಬಸಮ್ಮ ಮೆಲ್ಲಗೆ, "ಆದ್ರ ಅದು ಹೆಣ್ಮಕ್ಕಳ ಗುಂಪಲ್ಲೇನವಾ?" ಎಂದಳು.

"ಮಲ್ಲಿಗಿ ಚಿತ್ರ ಹಾಕಿದ್ರ ಹೆಣ್ಮಗಳಾಗ್ತಾರೇನ್ರಿ? ಬೆಳ್ಳಗಿರೋದೆಲ್ಲ ಹಾಲಲ್ಲ."

ಕೊಟ್ರಬಸಮ್ಮನಿಗೆ ಕುಳಿತ ಚಾಪೆ ಹರಿದು ಭೂಮಿ ನುಂಗಿದರೂ ಸಾಕು ಎನಿಸಿತು. ಓಣಿಯನ್ನೆಲ್ಲ ಸಂಶಯದಿಂದ ನೋಡಿದ್ದಾಯಿತು, ತನ್ನ ಕೈಲಿದ್ದ ಫೋನೊಂದನ್ನು ಬಿಟ್ಟು. ಗಾಬರಿಯಲ್ಲಿ ಎಲ್ಲವನ್ನೂ ಅಳಿಸಲು ಹೊರಟಳು.

"ತಡೀರಿ," ಎಂದಳು ಶೈಲಶ್ರೀ. "ಅಳಿಸೋಕಿಂತ ಮುಂಚೆ ಅವರ ಸಂದೇಶ, ಹೆಸರು, ತಾರೀಖು ಎಲ್ಲಾ ಕಾಣಂಗ ಸ್ಕ್ರೀನ್‌ಶಾಟ್ ತಗೀರಿ. ಅದ ಸಾಕ್ಷಿ. ತಿರುಗಿ ಉತ್ತರ ಬರೀಬ್ಯಾಡ್ರಿ, ಬೈಯೋದೂ ಬ್ಯಾಡ. ಆಮ್ಯಾಲ ಬ್ಲಾಕ್ ಮಾಡೋಣ, ಗುಂಪು ನಡಸೋರಿಗೆ ತಿಳಿಸೋಣ. ಮನಿ, ಮಗಳು ಕಾಣೋ ಫೋಟೊ ಆಮ್ಯಾಲ ತಗಿಯೋಣ. ಮತ್ತ, ಅಣ್ಣಾರನ್ನ ಕರಕೊಂಡು ಠಾಣೆಗೆ ಹೋಗ್ರಿ."

ಅಂದೇ ಸಂಜೆ ಗಂಡ-ಹೆಂಡತಿ ಠಾಣೆಗೆ ಹೋಗಿ ಲಿಖಿತ ದೂರು ಕೊಟ್ಟು ಬಂದರು. ಮಲ್ಲಿಗೆ ಮೊಗ್ಗು ಯಾರೆಂದು ಇನ್ನೂ ಗೊತ್ತಾಗಿಲ್ಲ, ತನಿಖೆ ನಡೆದಿದೆ. ಸ್ಫೂರ್ತಿಯನ್ನು ಮನೆಯಲ್ಲಿ ಕೂರಿಸುವ ಮಾತನ್ನು ಹಾಲೇಶ್ ತಾನೇ ಹಿಂದಕ್ಕೆ ತೆಗೆದುಕೊಂಡ. "ಬಂದ್ ಆಗಬೇಕಾದ್ದು ಆ ಫೋಟೊ, ಓದಲ್ಲ," ಎಂದ.

ಇನ್ನುಳಿದದ್ದು ಒಂದು ಕೆಲಸ. ಕೊಟ್ರಬಸಮ್ಮ ಬೀಗದ ಕೈ ಹಿಡಿದು ದುರ್ಗಕ್ಕನ ಕಟ್ಟೆಗೆ ಹೋದಳು. "ತಪ್ಪಾತು ದುರ್ಗಕ್ಕ. ಗುರ್ತಿಲ್ಲದವರನ್ನ ನಂಬಿ, ಬಾಜು ಮನಿಯಾಕಿನ್ನ ಕಳ್ಳಿ ಮಾಡಿದೆ."

ದುರ್ಗಕ್ಕ ಹೂವು ಕಟ್ಟುತ್ತಲೇ ಇದ್ದಳು. "ಬೀಗದ ಕೈ ಕಸ್ಗೊಂಡ ದಿನ ಭಾಳ ನೊಂದ್ಕೊಂಡೆ ನೋಡು," ಎಂದಳು. ಆಮೇಲೆ ಬೀಗದ ಕೈ ಇಸಿದುಕೊಂಡು ಸೆರಗಿಗೆ ಗಂಟು ಹಾಕಿಕೊಂಡಳು. "ಸಂಜಿ ಆರಕ್ಕ ಹೂವಿನ ಬುಟ್ಟಿ ಹೊತ್ಕೊಂಡು ನಾ ಆ ಟ್ಯೂಷನ್ ಕಡೀಗೇ ಹೋಗ್ತೀನಿ. ಮಗಳನ್ನ ನಾನ ಕರ್ಕೊಂಡ್ ಬರ್ತೀನಿ ಬಿಡು."

ಈಗಲೂ ಅಂಗಳದಲ್ಲಿ ದಿನಾ ರಂಗೋಲಿ ಇರುತ್ತದೆ. ಗುಂಪಿಗೆ ಹೋಗುವುದು ಕಾಗದದ ಮೇಲೆ ಬರೆದ ಚುಕ್ಕಿ ಮತ್ತು ಎಳೆ ಮಾತ್ರ. ಅಂಗಳದ್ದನ್ನು ನೋಡಬೇಕಾದವರು ಸೈಕಲ್ ಇಳಿದೇ ನೋಡಬೇಕು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಫೋನಿನಲ್ಲಿ ನೀವು ಹಾಕಿದ್ದನ್ನೆಲ್ಲ ಒಮ್ಮೆ ಅಪರಿಚಿತರ ಕಣ್ಣಿನಿಂದ ನೋಡಿ. ಮನೆಯ ಗುರುತು, ಮಕ್ಕಳ ಹೆಸರು, ಹೋಗಿಬರುವ ಹೊತ್ತು ಕಂಡರೆ ಇವತ್ತೇ ತೆಗೆಯಿರಿ. ಊರಿಗೆ ಹೋಗುವ ಸುದ್ದಿಯನ್ನು ತಿರುಗಿ ಬಂದ ಮೇಲೆ ಹೇಳಿದರೆ ನಷ್ಟವಿಲ್ಲ. ಯಾರಾದರೂ ಬೆನ್ನು ಬಿದ್ದರೆ ಸಾಕ್ಷಿ ಉಳಿಸಿಕೊಂಡು ಮನೆಯವರಿಗೆ ಹೇಳಿ, ಠಾಣೆಗೆ ಹೋಗಿ. ಅಪಾಯ ಹತ್ತಿರವೆನಿಸಿದರೆ 112ಕ್ಕೆ ಕರೆ ಮಾಡಿ. ಮಗಳ ಓದನ್ನು ಮಾತ್ರ ನಿಲ್ಲಿಸಬೇಡಿ. ಬೀಗ ಹಾಕಬೇಕಾದ್ದು ಫೋನಿಗೆ, ಅವಳಿಗಲ್ಲ.