ಮಿಸ್ ಓಪಲ್ ಹಲಗೆಯ ಮೇಲೊಂದು ಹೆಸರು

ಟೊಲೀಡೋ ಬೆಂಡ್ ಜಲಾಶಯದ ಸುತ್ತಮುತ್ತ ಯಾರನ್ನಾದರೂ ಕೇಳಿ, ಎಲ್ರಾಯ್ ಸುಳ್ಳುಗಾರ ಎನ್ನುತ್ತಾರೆ. ಅದೇ ದೊಡ್ಡ ಸುಳ್ಳು. ಮೀನಿನ ವಿಷಯದಲ್ಲಿ ಮಾತ್ರ ನನ್ನದು ಸ್ವಲ್ಪ ಧಾರಾಳದ ಕೈ, ಅಷ್ಟೇ. ಮೂರು ಪೌಂಡಿನ ಮೀನು ನನ್ನ ಬಾಯಿಗೆ ಬಂದರೆ ಐದಾಗುತ್ತದೆ, ಕಾಫಿ ಮುಗಿಯುವಷ್ಟರಲ್ಲಿ ಏಳಾಗುತ್ತದೆ. ಕೇಳುವವರಿಗೆ ಖುಷಿ, ಮೀನಿಗೂ ಮರ್ಯಾದೆ. ಇದರಲ್ಲಿ ಯಾರಪ್ಪನ ಗಂಟು ಹೋಯಿತು?

ನನ್ನ ಗೆಳೆಯ ಡೆಲ್ಬರ್ಟ್ ಇದಕ್ಕೆ ತದ್ವಿರುದ್ಧ. ಬ್ಯಾಪ್ಟಿಸ್ಟ್ ಚರ್ಚಿನ ಹಿರಿಯ. ಹೆಂಡತಿ ನೋರ್ಮಾ ಹೊಸ ಟೋಪಿ ಹಾಕಿಕೊಂಡು ಹೇಗಿದೆ ಎಂದು ಕೇಳಿದರೆ, ಹೇಗಿದೆಯೋ ಹಾಗೆಯೇ ಹೇಳಿ ವಾರವಿಡೀ ತಣ್ಣನೆಯ ಊಟ ಮಾಡಿದವನು. ಪ್ರತಿ ವಸಂತದಲ್ಲಿ ತನ್ನ ಸ್ಪ್ರಿಂಗ್ ತಕ್ಕಡಿಗೆ ಸಕ್ಕರೆ ಚೀಲ ನೇತುಹಾಕಿ, ಅದು ಸರಿಯಾಗಿ ತೂಗುತ್ತದೆಯೋ ಎಂದು ನೋಡುತ್ತಾನೆ. ಇಂಥವನಿಗೆ ದೋಣಿಯಲ್ಲಿ ಜೊತೆಗಾರ ನಾನು. ದೇವರಿಗೂ ಒಂದಿಷ್ಟು ತಮಾಷೆ ಬೇಕಲ್ಲ.

ಡೆಲ್ಬರ್ಟನಿಗೆ ಇದ್ದದ್ದು ಒಂದೇ ಕೊರಗು. ದೋಣಿ ಇಳಿಸುವ ಜಾಗದ ಪಕ್ಕದಲ್ಲೇ ಮಿಸ್ ಓಪಲ್ ಅವರ ಗಾಳ, ಎರೆಹುಳದ ಅಂಗಡಿ. ಅದರ ಗೋಡೆಗೆ ಒಂದು ಮರದ ಹಲಗೆ. ಹತ್ತು ಪೌಂಡು ದಾಟಿದ ಬಾಸ್ ಮೀನು ಹಿಡಿದವರ ಹೆಸರನ್ನೂ ಮೀನಿನ ತೂಕವನ್ನೂ ಓಪಲ್ ಕೆಂಪು ಬಣ್ಣದಲ್ಲಿ ಅದರ ಮೇಲೆ ಬರೆಯುತ್ತಾರೆ. ಮೀನನ್ನು ತಂದು ತೋರಿಸಬೇಕು. ನೀರಿಗೆ ಬಿಟ್ಟು ಬಂದಿದ್ದರೆ ಜೊತೆಗಿದ್ದವನು ಸಾಕ್ಷಿ ಹೇಳಬೇಕು. ಹಿಡಿದವನ ಮಾತು ಲೆಕ್ಕಕ್ಕಿಲ್ಲ. ಆ ಹಲಗೆಯ ಮೇಲೆ ಡೆಲ್ಬರ್ಟನ ಅಪ್ಪನ ಹೆಸರಿತ್ತು, ತಂಗಿಯ ಹೆಸರಿತ್ತು. ಜೀವಮಾನದಲ್ಲಿ ಒಂದೇ ಸಲ ಗಾಳ ಹಿಡಿದ ನೋರ್ಮಾಳ ಹೆಸರೂ ಇತ್ತು, ಹತ್ತು ಪೌಂಡು ಎಂಟು ಔನ್ಸ್. ಇವನದಿರಲಿಲ್ಲ. ಮೊಣಕಾಲು ನೋವು ಶುರುವಾದ ಮೇಲಂತೂ, ಇನ್ನೆಷ್ಟು ವಸಂತ ದೋಣಿಯಲ್ಲಿ ನಿಲ್ಲುತ್ತೇನೋ ಎಂದು ಗೊಣಗುತ್ತಿದ್ದ.

ಆ ಮಾರ್ಚಿನಲ್ಲಿ ಡಾಗ್‌ವುಡ್ ಮರಗಳು ಬೆಳ್ಳಗೆ ಹೂ ಬಿಟ್ಟಿದ್ದವು. ಅಂದರೆ ಬಾಸ್ ಮೀನುಗಳು ಮೊಟ್ಟೆಯಿಡಲು ದಡಕ್ಕೆ ಬಂದಿದ್ದವು. ನೀರಿನಲ್ಲಿ ಮುಳುಗಿ ನಿಂತ ಬೋಳು ಮರಗಳ ನಡುವೆ ದೋಣಿ ತೂರಿಸಿಕೊಂಡು, ಲೂಯಿಸಿಯಾನ ಕಡೆಯ ಹಿನ್ನೀರಿನ ಒಂದು ಮೂಲೆ ಸೇರಿದೆವು. ನಾನು ತಿನ್ನಲು ಸಾರ್ಡೀನ್ ಮೀನಿನ ಡಬ್ಬಿ ಬಿಚ್ಚಿದೆ.

"ಎಲ್ರಾಯ್, ಅಲ್ಲಾಡ್ಬೇಡ," ಎಂದು ಡೆಲ್ಬರ್ಟ್ ಪಿಸುಗುಟ್ಟಿದ.

"ತಿಂತಾ ಇದೀನಿ ಕಣೋ."

"ಹಂಗಾದ್ರೆ ಬಾಯಿ ಅಲ್ಲಾಡಿಸ್ಬೇಡ. ಆ ಬೊಡ್ಡೆ ಪಕ್ಕ ನೋಡು."

ಬೊಡ್ಡೆಯ ಪಕ್ಕದ ಮರಳಿನಲ್ಲಿ ಗುಡಿಸಿದಂತೆ ಚೊಕ್ಕಟವಾದ ಒಂದು ಗೂಡು. ಅದರ ಮೇಲೆ ನನ್ನ ತೊಡೆಯಷ್ಟು ದಪ್ಪದ ಮೀನು. ಇರಲಿ, ತೋಳಿನಷ್ಟು.

ಡೆಲ್ಬರ್ಟ್ ಗಾಳಕ್ಕೆ ರಬ್ಬರ್ ಹಲ್ಲಿ ಸಿಕ್ಕಿಸಿ ಗೂಡಿನೊಳಗೆ ಮೆಲ್ಲಗೆ ಇಳಿಸಿದ. ಮೊಟ್ಟೆ ತಿನ್ನುವ ಪ್ರಾಣಿ ಎಂದರೆ ತಾಯಿಮೀನಿಗೆ ಆಗದು. ಅವಳು ಬಂದಳು, ಹಲ್ಲಿಯನ್ನು ತುಟಿಯ ತುದಿಯಲ್ಲಿ ಕಚ್ಚಿದಳು, ಗೂಡಿನಾಚೆ ಒಯ್ದು ಉಗಿದಳು. ಮತ್ತೆ ಇಳಿಸಿದ, ಮತ್ತೆ ಉಗಿದಳು. ಬಿಸಿಲು ನೆತ್ತಿಗೇರುವವರೆಗೂ ಇದೇ ಆಟ.

"ನೋರ್ಮಾ ನಿನ್ನ ಕೆಸರು ಬೂಟ್ಸ್ ಹೊರಗೆ ಎಸೆದ ಹಂಗೇ ಎಸೀತಿದಾಳೆ," ಎಂದೆ.

"ಬಾಯ್ಮುಚ್ಚು. ನಗು ಬಂದ್ರೆ ಕೈ ನಡುಗುತ್ತೆ."

ಕೊನೆಗೆ ಅವಳಿಗೆ ಸಿಟ್ಟು ಬಂತು. ಹಲ್ಲಿಯನ್ನು ಪೂರ್ತಿ ಬಾಯೊಳಗೆ ಎಳೆದುಕೊಂಡಳು. ಡೆಲ್ಬರ್ಟ್ ಎಳೆದ. ಕೋಲು ಬಿಲ್ಲಾಯಿತು, ದೋಣಿ ತಿರುಗಿತು, ನನ್ನ ಸಾರ್ಡೀನ್ ಡಬ್ಬಿ ನೀರುಪಾಲಾಯಿತು. ಅವಳು ಎರಡು ಸಲ ನೆಗೆದು ನಮ್ಮಿಬ್ಬರನ್ನೂ ತೋಯಿಸಿದಳು. ನಾನು ಬಲೆ ಹಾಕಿ ಎತ್ತಿಕೊಂಡೆ.

ಸಕ್ಕರೆ ತೂಗಿ ಪರೀಕ್ಷಿಸಿದ ತಕ್ಕಡಿ ಹನ್ನೊಂದು ಪೌಂಡು ಎರಡು ಔನ್ಸ್ ತೋರಿಸಿತು. ಡೆಲ್ಬರ್ಟ್ ಟೋಪಿ ತೆಗೆದು ಕೂತುಬಿಟ್ಟ. ಅವನ ಮುಖ ನೋಡಿ ನಾನೂ ಟೋಪಿ ತೆಗೆದೆ, ಸುಳ್ಳೇಕೆ ಹೇಳಲಿ.

ಅವನ ಹಳೆಯ ದೋಣಿಯಲ್ಲಿ ಮೀನನ್ನು ಜೀವಂತ ಇಡುವ ತೊಟ್ಟಿಯಿರಲಿಲ್ಲ, ಐಸ್ ಪೆಟ್ಟಿಗೆಯಿತ್ತು. ನಾನು ಅದರ ಮುಚ್ಚಳ ತೆಗೆದೆ.

"ಬೇಡ," ಎಂದ ಡೆಲ್ಬರ್ಟ್. "ಹೊಟ್ಟೆ ತುಂಬ ಮೊಟ್ಟೆ ಇದೆ ಕಣೋ."

"ತಲೆಗಿಲೆ ಕೆಟ್ಟಿದ್ಯಾ? ಬಿಟ್ರೆ ಸಾಕ್ಷಿ ಹೇಳೋನ್ಯಾರು? ನಾನು! ನನ್ನ ಮಾತು ನಮ್ಮನೆ ನಾಯೀನೂ ನಂಬಲ್ಲ."

"ಗೊತ್ತು."

"ಹಲಗೆ ಮೇಲೆ ಹೆಸರು ಬರಲ್ಲ ಮಾರಾಯ!"

"ಅದೂ ಗೊತ್ತು," ಎಂದವನೇ ಬಗ್ಗಿ ಅವಳನ್ನು ನೀರಿನಲ್ಲಿ ಹಿಡಿದ. ಅವಳು ಒಮ್ಮೆ ಬಾಲ ಬೀಸಿ ಗೂಡಿಗೆ ಹೋದಳು. ವಾಪಸು ಬರುವಾಗ ದಾರಿಯುದ್ದಕ್ಕೂ ಚರ್ಚಿನ ಹಾಡು ಶಿಳ್ಳೆ ಹಾಕುತ್ತಿದ್ದ. ನನಗೆ ಮಾತ್ರ ಸಮಾಧಾನವಿರಲಿಲ್ಲ. ಎಂದೂ ಸುಳ್ಳಾಡದವನ ಒಂದೇ ಒಂದು ಆಸೆ ನನ್ನ ನಾಲಿಗೆಯಿಂದಾಗಿ ಮಣ್ಣುಪಾಲಾಗಬೇಕೇ?

ಅಂಗಡಿಯ ಬೆಂಚಿನ ಮೇಲೆ ಎಂದಿನ ಮುದುಕರು ಕೂತಿದ್ದರು. ಓಪಲ್ ಕನ್ನಡಕದ ಮೇಲಿನಿಂದ ನೋಡಿದರು. "ಏನಪ್ಪಾ ಎಲ್ರಾಯ್, ಇವತ್ತೇನು? ತಿಮಿಂಗಿಲಾನಾ?"

ನಾನು ಕಾಫಿ ಬಗ್ಗಿಸಿಕೊಂಡೆ. "ಡೆಲ್ಬರ್ಟ್ ಒಂದು ಹಿಡಿದ. ಹತ್ತು ಪೌಂಡು, ಒಂದು ಔನ್ಸ್. ಮೊಟ್ಟೆಮೀನು, ಬಿಟ್ಬಿಟ್ಟ."

ಬೆಂಚು ಗೊಳ್ಳೆಂದಿತು. ನಾನು ಕಾಫಿ ಹೀರಿದೆ. ನಗು ಮೆಲ್ಲಗೆ ಅಡಗಿತು.

"ಆಮೇಲೆ?" ಎಂದರು ಓಪಲ್.

"ಆಮೇಲೆ ಏನಿಲ್ಲ ಮಿಸ್ ಓಪಲ್."

"ನೆಗೀತಾ?"

"ಇಲ್ಲ."

"ದೋಣಿ ಮಗುಚ್ತಾ? ನಿನ್ನ ಕಾಲಿಗೆ ಕಚ್ತಾ?"

"ಇಲ್ಲ."

ಡೆಲ್ಬರ್ಟನ ಕಿವಿ ಕೆಂಪಾಗಿತ್ತು. "ಮಿಸ್ ಓಪಲ್, ಅದು..." ಎಂದು ಬಾಯಿ ತೆರೆದ. ನಾನು ಅವನ ಬೂಟಿನ ಮೇಲೆ ಭಾರ ಬಿಟ್ಟು ನಿಂತೆ.

ಓಪಲ್ ಬೆಂಚಿನ ಕಡೆ ತಿರುಗಿದರು. "ಸುಳ್ಳಾಗಿದ್ರೆ ಇವನು ಹದಿನೈದಕ್ಕಿಂತ ಕೆಳಗೆ ಇಳೀತಿರ್ಲಿಲ್ಲ. ಒಂದು ಔನ್ಸ್ ಅಂತೆ! ಈ ಬಾಯಲ್ಲಿ ಒಂದು ಔನ್ಸ್ ಅನ್ನೋ ಮಾತು ಯಾವತ್ತಾದ್ರೂ ಕೇಳಿದೀರಾ?" ಯಾರೂ ಕೇಳಿರಲಿಲ್ಲ. ಅವರು ಡೆಲ್ಬರ್ಟನನ್ನು ದಿಟ್ಟಿಸಿದರು. "ಇವನು ಹೇಳಿದ್ದು ನಿಜಾನೇನಪ್ಪ?"

ಡೆಲ್ಬರ್ಟ್ ಹಲಗೆಯ ಮೇಲಿನ ಅಪ್ಪನ ಹೆಸರನ್ನು ನೋಡಿದ, ನೆಲ ನೋಡಿದ.

"ಅದಕ್ಕಿಂತ ಕಮ್ಮಿಯಂತೂ ಇರಲಿಲ್ಲ, ಮಿಸ್ ಓಪಲ್."

ಓಪಲ್ ಬಣ್ಣದ ಡಬ್ಬಿ ಬಿಚ್ಚಿದರು.

ಟ್ರಕ್ಕಿನಲ್ಲಿ ಮನೆ ಕಡೆಗೆ ಹೊರಟೆವು.

"ಹನ್ನೊಂದು ಪೌಂಡು ಎರಡು ಔನ್ಸ್," ಎಂದ ಡೆಲ್ಬರ್ಟ್, ಪೈನ್ ಕಾಡು ದಾಟುವಾಗ.

"ಪೂರ್ತಿ ಹೇಳಿದ್ರೆ ಯಾವನು ನಂಬ್ತಿದ್ದ? ಹೆಸರು ಬಂತೋ ಇಲ್ವೋ?"

"ಬಂತು." ಅವನ ಮುಖ ಅರಳಿತು, ಮರುಕ್ಷಣವೇ ಬಾಡಿತು. "ಆದ್ರೆ ನೋರ್ಮಾಳದು ಹತ್ತು ಪೌಂಡು ಎಂಟು ಔನ್ಸ್ ಕಣೋ. ನಾನು ಅವಳ ಕೆಳಗೆ ಬಿದ್ದೆ."

"ಹೋಗಿ ನಿಜ ಹೇಳು. ನೀನು ಸುಳ್ಳು ಹೇಳಲ್ಲ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಹೋಗಿ ನಿಜವನ್ನೇ ಹೇಳಿದ. ನೋರ್ಮಾ ಅವನನ್ನು ಮೇಲಿಂದ ಕೆಳಗೆ ನೋಡಿ, "ಆ ಎಲ್ರಾಯ್ ಸಹವಾಸ ಬಿಡು ಅಂತ ಎಷ್ಟು ಸಲ ಹೇಳಿದೀನಿ. ಈಗ ನೋಡು, ನಿನ್ನ ಬಾಯಲ್ಲೂ ಮೀನು ಬೆಳೆಯೋಕೆ ಶುರುವಾಯ್ತು," ಎಂದಳಂತೆ.