ಬಂಗಲೆಯ ಹಿಂದಿನ ಕಾಡು

ವರ್ಕ್‌ಶಾಪಿನಲ್ಲಿ ಸಿಲಿಂಡರ್ ಸಿಡಿದು ಎರಡೂ ಕಣ್ಣು ಹೋದಮೇಲೆ ಆ ವೆಲ್ಡರ್ ತನ್ನ ಮನೆಯ ಹೊಸ್ತಿಲು ದಾಟಿರಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ, ಮಲಗಿ ಎಂದರೆ ಮಲಗುತ್ತಿದ್ದ, ಮಿಕ್ಕಂತೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಹೊದಿಕೆ ಒಗೆದು ಬರುವ ಹೆಂಡತಿ ಆ ಮೌನದೆದುರು ಕೂತು ಕೂತು ರೋಸಿಹೋಗಿದ್ದಳು. ಮದುವೆಯಾದ ಹೊಸದರಲ್ಲಿ ಊರಾಚೆಯ ಹಳೆಯ ಬಂಗಲೆ ನೋಡಲು ಹೋಗೋಣವೆಂದು ಅವನೇ ಹೇಳಿದ್ದ, ಆಗಿರಲಿಲ್ಲ. ರಜೆಯ ದಿನ ಅವನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಸ್ಸು ಹತ್ತಿಸಿದಳು.

ಒಳಗೆ ಒಂದೊಂದನ್ನೇ ಬಣ್ಣಿಸುತ್ತ ನಡೆದಳು: ಆಳೆತ್ತರದ ಕನ್ನಡಿ, ಬಣ್ಣ ಮಾಸಿದ ಪರದೆಗಳು, ಯಾರೂ ಕೂರದ ಸಾಲು ಕುರ್ಚಿಗಳು. ಅವನು ಹೂಂ ಕೂಡ ಅನ್ನಲಿಲ್ಲ. ಆದರೆ ಎಲೆಬಳ್ಳಿಯ ಚಿತ್ತಾರದ ಕಬ್ಬಿಣದ ಬಾಗಿಲೊಂದಿದೆ ಎಂದಾಗ ಅವನ ಕೈ ತಾನಾಗಿಯೇ ಮುಂದೆ ಹೋಯಿತು. ಬೆರಳು ಒಂದು ಬಳ್ಳಿಯ ಬೆಸುಗೆಯ ಮೇಲೆ ನಿಂತಿತು. ಅಷ್ಟು ದಿನದಲ್ಲಿ ಮೊದಲ ಸಲ ಅವನ ಮುಖದಲ್ಲಿ ಜೀವ ಕಂಡಿತು.

"ಮುಟ್ಟಬೇಡಿ ಸಾರ್, ಕಣ್ಣಲ್ಲೇ ನೋಡಿ," ಎಂದ ಕಾವಲುಗಾರ, ಅವನಿಗೆ ಕಣ್ಣು ಕಾಣದೆಂದು ಗೊತ್ತಾಗದೆ.

ಅವನು ಕೈ ಹಿಂದೆಳೆದುಕೊಂಡ.

ತೋಟದ ಬೆಂಚಿನಲ್ಲಿ ಅವನನ್ನು ಕೂರಿಸಿ ಅವಳು ನೀರು ಹಿಡಿಯಲು ಹೋದಳು. ನಲ್ಲಿಯ ಹತ್ತಿರ ಜನವೋ ಜನ. ಹಿಂದಿರುಗಿದಾಗ ಬೆಂಚು ಖಾಲಿ.

ಮೊದಲು ತೋಟದಂಚಿನ ಕೊಳದ ಕಡೆಗೇ ಓಡಿದಳು. ನೀರು ಕದಡಿರಲಿಲ್ಲ, ಜೀವ ಬಂದಂತಾಯಿತು, ಮರುಗಳಿಗೆಯೇ ಹೋದಂತಾಯಿತು. ಗುಲಾಬಿ ಗಿಡ ಸವರುತ್ತಿದ್ದ ಮಾಲಿ, ಯಾರೋ ಬೇಲಿ ತಡವಿಕೊಂಡು ಹಿಂದಿನ ಕಾಡಿನ ಕಡೆ ಹೋದರು, ಕುಡಿದಿರಬೇಕು ಅಂದುಕೊಂಡೆ ಎಂದ. ಅವನೂ ಕತ್ತರಿ ಬಿಸುಟು ಅವಳ ಜೊತೆ ಓಡಿ ಬಂದ.

ಕಾಡಿನೊಳಗೆ ಕೂಗಿದಳು. ರೀ, ರೀ ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. ಮುಳ್ಳಿಗೆ ಸಿಕ್ಕಿ ಸೆರಗು ಹರಿಯಿತು. ಬಂಗಲೆ ಮುಚ್ಚುವ ಗಂಟೆ ಹೊಡೆಯಿತು. ನಾನೇ ಕರೆತಂದೆ, ನಾನೇ ಕೈಯಾರೆ ಕಳೆದುಕೊಂಡೆ ಎಂದು ಮನಸ್ಸು ತಿವಿಯುತ್ತಿತ್ತು.

ಕೊನೆಗೆ ಸಿಕ್ಕಾಗ ಗಂಡ ಒಂದು ತಗ್ಗಿನಲ್ಲಿ ಮರ ತಬ್ಬಿ ಕೂತಿದ್ದ. ಮುಖವೆಲ್ಲ ತರಚಿತ್ತು.

"ಕೂಗಿದ್ದು ಕೇಳಿಸಲಿಲ್ವಾ?"

"ಕೇಳಿಸ್ತು."

"ಮತ್ತೆ?"

"ಹುಡುಕಿ ಹುಡುಕಿ ಸುಸ್ತಾಗಿ ಬಿಟ್ಟು ಹೋಗ್ಬಿಡ್ತೀಯ ಅಂದ್ಕೊಂಡೆ. ಎಷ್ಟು ದಿನ ಅಂತ ನನ್ನ ಕೈ ಹಿಡ್ಕೊಂಡು ಓಡಾಡ್ತೀಯ?"

ಅವಳು ಅವನ ಎದೆಗೆ ಗುದ್ದಿದಳು. ಮಾಲಿ ಮುಖ ತಿರುಗಿಸಿ ನಿಂತ. ಗುದ್ದಿ ಗುದ್ದಿ ಕೈ ಸೋತಾಗ ಅವನ ಅಂಗಿಯನ್ನೇ ಮುಷ್ಟಿಯಲ್ಲಿ ಹಿಡಿದು ಅತ್ತಳು. ಕಣ್ಣು ಹೋದಾಗಲೂ ಅವನೆದುರು ಅತ್ತಿರಲಿಲ್ಲ.

"ಎಷ್ಟು ದಿನವೋ ನಂಗೂ ಗೊತ್ತಿಲ್ಲ," ಎಂದಳು. "ನಂಗೂ ಸಾಕಾಗಿದೆ. ಆದ್ರೆ ಕರೆದ್ರೆ ಓ ಅನ್ನಿ. ಅಷ್ಟಾದ್ರೂ ಮಾಡಿ."

ಅವನು ಕೈ ಚಾಚಿ ಅವಳ ಮುಖ ತಡವಿದ. ಬೆರಳಿಗೆ ಕಣ್ಣೀರು ಹತ್ತಿತು. ಅವಳ ತೋಳು ಹಿಡಿದು ಎದ್ದು ನಿಂತ.

ಮಾಲಿ ಮುಂದೆ ಮುಂದೆ ಮುಳ್ಳು ಸರಿಸಿ ದಾರಿ ಮಾಡುತ್ತ ನಡೆದ. ಅವರು ಹಿಂದೆ, ಒಬ್ಬರನ್ನೊಬ್ಬರು ಹಿಡಿದು, ಗೇಟಿನ ಕಡೆ ನಡೆದರು.