ಗಿರಮಲ್ಲಪ್ಪ ತನ್ನ ಅಂಗಾಲು ನೋಡಿಕೊಂಡ ದಿನ

ಬಾಡಗಂಡಿಯ ಕುರಿಗಾರ ಗಿರಮಲ್ಲಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಯಿತು. ಊರ ಪಕ್ಕದಲ್ಲೇ ಸಕ್ಕರೆ ಕಾರ್ಖಾನೆ. "ಅಲ್ಲಿ ಹಿಡಿಸಲಾರದ್ದು ನನ್ನ ಮೈಯಾಗ ಬಂದು ಕುಂತೈತಿ" ಎಂದು ನಗುವುದು ಅವನ ರೂಢಿ. ನಗಲಿ, ಬೇಡ ಎನ್ನುವವರು ಯಾರು? ಆದರೆ ಕೃಷ್ಣಾಜಿ ಡಾಕ್ಟರ ದವಾಖಾನೆಯಲ್ಲಿ ತಿಂಗಳಿಗೊಮ್ಮೆ ರಕ್ತ ತಪಾಸಣೆ ಮಾಡುವ ಗುರುವಾರ ಹತ್ತಿರ ಬಂತೆಂದರೆ ಆ ನಗೆ ಮಾಯವಾಗುತ್ತಿತ್ತು.

ನಾಲ್ಕು ದಿನ ಮೊದಲೇ ಅವನು ಚಹಾ ಬಿಡುತ್ತಿದ್ದ. ಹಿಂದಿನ ದಿನ ಬರೀ ಅರ್ಧ ರೊಟ್ಟಿ. ಆ ದಿನ ಬೆಳಿಗ್ಗೆ ಒಂದು ಲೋಟ ಹಾಗಲಕಾಯಿ ರಸ. ತಿಂಗಳೆಲ್ಲ ಡಬ್ಬಿಯಲ್ಲಿ ಮಲಗಿದ್ದ ಗುಳಿಗೆಗಳು ಆ ನಾಲ್ಕು ದಿನ ಮಾತ್ರ ತಪ್ಪದೆ ಅವನ ಹೊಟ್ಟೆಗೆ ಹೋಗುತ್ತಿದ್ದವು. ಪರೀಕ್ಷೆಯ ಹಿಂದಿನ ದಿನ ಪುಸ್ತಕದ ಧೂಳು ಝಾಡಿಸುವ ಹುಡುಗರ ಜಾತಿ ಇದು.

"ಯಾರಿಗೆ ಮೋಸ ಮಾಡಾಕತ್ತೀರಿ?" ಎಂದು ಹೆಂಡತಿ ತಂಗೆವ್ವ ಕೇಳುತ್ತಿದ್ದಳು.

"ಮೋಸ ಅಲ್ಲ ಬಿಡ ಬೇ. ಜಾಸ್ತಿ ಬಂದ್ರ ಶೈಲಾ ಬಾಯಾರು ಬೈತಾರ. ಹೋದ ವರ್ಸ ಮಂದಿ ಮುಂದ, 'ಬಾಯಿ ಕಟ್ಟಾಕ ಬರೂದಿಲ್ಲೇನ್ರಿ ನಿಮಗ?' ಅಂದ್ರು. ಮಾನ ಹೋತು ನಂದು."

ಶೈಲಾ ದವಾಖಾನೆಯ ನರ್ಸ್. ಮನಸ್ಸು ಬೆಣ್ಣೆ, ಬಾಯಿ ಮಾತ್ರ ಸ್ವಲ್ಪ ಮೆಣಸಿನಕಾಯಿ. ತನ್ನ ಊರಿನ ಜನ ಚೆನ್ನಾಗಿರಲಿ ಎಂದೇ ಬೈಯುತ್ತಿದ್ದಳು ಪಾಪ. ಬೈದಷ್ಟೂ ಜನ ಬಚ್ಚಿಡುತ್ತಾರೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಅಂಥ ಒಂದು ಗುರುವಾರ ದವಾಖಾನೆಯಲ್ಲಿ ತರಬೇತಿ ಇತ್ತು. ಬಿಪಿ, ಸಕ್ಕರೆ, ದಮ್ಮು ಇವೆಲ್ಲ ಒಮ್ಮೆ ಬಂದರೆ ವರ್ಷಗಟ್ಟಲೆ ಜೊತೆಗಿರುವ ಕಾಯಿಲೆಗಳು. ಅಂಥವರನ್ನು ಊರಿನ ಸಣ್ಣ ದವಾಖಾನೆಯಲ್ಲೇ ಚೆನ್ನಾಗಿ ನೋಡಿಕೊಳ್ಳುವುದು ಹೇಗೆ ಎಂಬುದೇ ಪಾಠ. ಕಲಿಸಲು ಜಮಖಂಡಿಯಿಂದ ಪ್ರಣೀತಾ ಸಿಸ್ಟರ್ ಬಂದಿದ್ದರು. ಕಲಿಯಲು ಮುಧೋಳ, ಬೀಳಗಿ, ರಬಕವಿ, ಬನಹಟ್ಟಿಯಿಂದ ಎಂಟು ಜನ ನರ್ಸ್‌ಗಳು.

"ಹಲಗಿ ಮ್ಯಾಲೆ ಬರದು ಸಾಕಾತು. ಒಪ್ಪಿ ಬರೂ ಒಬ್ಬ ಪೇಷಂಟನ್ನ ಕರೀರಿ, ಅವರಿಂದನ ಕಲಿಯೋಣು" ಎಂದರು ಪ್ರಣೀತಾ.

ಶೈಲಾ ಹಿಗ್ಗಿನಿಂದ ಗಿರಮಲ್ಲಪ್ಪನನ್ನು ಕರೆತಂದಳು. ಹಿಂದೆ ತಂಗೆವ್ವನೂ ಬಂದಳು. "ಇವರು ನಮ್ಮ ಗಿರಮಲ್ಲಪ್ಪ ಕಾಕಾ. ಒಂದು ವರ್ಸ ಆತು, ಸಕ್ಕರಿ ಒಮ್ಮೆರ ಏರಿಲ್ಲ ನೋಡ್ರಿ. ನಮ್ಮ ದವಾಖಾನಿಗೇ ನಂಬರ್ ಒನ್."

ನರ್ಸ್‌ಗಳು ಚಪ್ಪಾಳೆ ತಟ್ಟಿದರು. ಗಿರಮಲ್ಲಪ್ಪ ನೆಲ ನೋಡಿದ.

"ಛಲೋ ಆತು ಕಾಕಾ. ಈಗ ನಿಮ್ಮ ಕಾಲ ಸ್ವಲ್ಪ ನೋಡ್ಲೇನ್ರಿ?" ಎಂದು ಪ್ರಣೀತಾ ಅವನ ಮುಂದೆ ನೆಲದ ಮೇಲೇ ಕುಳಿತರು.

ಗಿರಮಲ್ಲಪ್ಪ ಗಾಬರಿಯಾಗಿ ಎರಡೂ ಕಾಲನ್ನು ಹೊದ್ದಿದ್ದ ಕಂಬಳಿಯೊಳಗೆ ಎಳೆದುಕೊಂಡ. "ಏ ಬ್ಯಾಡ್ರಿ ಬಾಯಾರ! ನೀವು ನಮ್ಮ ಕಾಲ ಮುಟ್ಟೂದಂದ್ರೇನು? ನಮ್ಮ ದೇವರು ಬೀರಪ್ಪ ಮೆಚ್ಚತಾನೇನ್ರಿ?"

ಆರು ವರ್ಷ ಆ ಕಾಲುಗಳನ್ನು ದವಾಖಾನೆಯಲ್ಲಿ ಯಾರೂ ನೋಡದಿರಲು ಇದೂ ಒಂದು ಕಾರಣ. ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲೇ ಒಳಗೆ ಬರುತ್ತಿದ್ದ, ನಿಜ. ಬಂದವನೇ ಬೆರಳು ಚಾಚಿ ರಕ್ತ ಕೊಟ್ಟು ಹೋಗುತ್ತಿದ್ದ. ಓದಿದ ಹೆಣ್ಣುಮಗಳ ಕೈಗೆ ಕಾಲು ಕೊಡುವುದು ಪಾಪ ಎಂದೇ ಅವನು ನಂಬಿದ್ದ.

ಪ್ರಣೀತಾ ನಕ್ಕರು. "ಕುರಿ ಕುಂಟಿದ್ರ ಅದರ ಕಾಲ ಯಾರು ಹಿಡೀತಾರ್ರಿ ಕಾಕಾ?"

"ನಾನಽ ಹಿಡೀತೇನಿ. ಕುಂಟೂತನಾ ಯಾಕ ಕಾಯೂದು? ನಲವತ್ತು ಕುರಿ ಅದಾವು. ದಿನಾ ಸಂಜಿಕೆ ನಲವತ್ತರದೂ ಗೊರಸು ನೋಡೇ ದೊಡ್ಡಿಗೆ ಬಿಡತೇನ್ರಿ. ಒಂದು ಮುಳ್ಳು ಉಳೀತಂದ್ರ ಕಾಲ ಕೊಳೀತೈತಿ."

"ಹಂಗಾರ ನನ್ನ ಕಸಬೂ ಅದಽ ಅಂತ ತಿಳೀರಿ. ಕಾಲ ಕೊಡ್ರಿ."

ಗಿರಮಲ್ಲಪ್ಪ ನಾಚುತ್ತಲೇ ಕಾಲು ಚಾಚಿದ.

ಪ್ರಣೀತಾ ಒಂದು ಸಣ್ಣ ಕಡ್ಡಿ ತೆಗೆದರು. ಅದರ ತುದಿಗೆ ದಪ್ಪ ನೈಲಾನ್ ಎಳೆ. "ಕಣ್ಣು ಮುಚ್ಚರಿ. ಎಳಿ ತಾಗಿದಾಗೊಮ್ಮೆ ಹೂಂ ಅನ್ರಿ." ಮೊದಲು ಕೈಗೆ ತಾಗಿಸಿದರು. "ಹೂಂ." ಮತ್ತೆ ತಾಗಿಸಿದರು. "ಹೂಂ." ಆಮೇಲೆ ಬಲಗಾಲಿಗೆ ಬಂದರು. ಹೆಬ್ಬೆರಳಿಗೆ ತಾಗಿಸಿದರು, ಹಿಮ್ಮಡಿಗೆ ತಾಗಿಸಿದರು, ಅಂಗಾಲ ನಡುವೆ ತಾಗಿಸಿದರು. ಗಿರಮಲ್ಲಪ್ಪ ಕಣ್ಣು ಮುಚ್ಚಿಕೊಂಡು ಸುಮ್ಮನೆ ಕುಳಿತಿದ್ದ. ಹತ್ತು ಸಲ ಆದ ಮೇಲೆ ಅವನೇ ಕೇಳಿದ:

"ಯಾವಾಗ ಚಾಲೂ ಮಾಡ್ತೀರಿ ಬಾಯಾರ?"

ತಂಗೆವ್ವ ಬಗ್ಗಿ ಗಂಡನ ಅಂಗಾಲು ನೋಡಿದವಳು ಬಾಯಿಗೆ ಸೆರಗು ಹಿಡಿದಳು. ಹಿಮ್ಮಡಿಯ ಹತ್ತಿರ ಒಂದು ಜಾಲಿ ಮುಳ್ಳು ಮುರಿದು ಒಳಗೇ ಕುಳಿತಿತ್ತು. ಸುತ್ತ ಕೆಂಪಾಗಿ ಬಾತು, ಕೀವು ಕಾಣುತ್ತಿತ್ತು.

"ನಾಕು ದಿನದ್ದರ ಇರಬೇಕು" ಎಂದರು ಪ್ರಣೀತಾ. "ಇದರ ಮ್ಯಾಲಽ ನಡದಾಡಾಕತ್ತೀರಿ ಕಾಕಾ. ಸಕ್ಕರಿ ಬಾಳ ದಿನ ಜಾಸ್ತಿ ಇದ್ರ ಕಾಲಿನ ನರ ಸಾಯತಾವು. ನೋವಽ ಗೊತ್ತಾಗೂದಿಲ್ಲ."

"ಆದ್ರ ಸಕ್ಕರಿ ಬರೋಬ್ಬರಿ ಐತೆಲ್ಲ!" ಎಂದಳು ಶೈಲಾ.

ತಂಗೆವ್ವನಿಗೆ ಇನ್ನು ತಡೆಯಲಾಗಲಿಲ್ಲ. ಅರ್ಧ ರೊಟ್ಟಿ, ಹಾಗಲ ರಸ, ಡಬ್ಬಿಯ ಗುಳಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಗಿರಮಲ್ಲಪ್ಪ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡ. "ಬೈತಾರಂತ ಅಂಜಿದ್ನ್ರಿ" ಎಂದ, ಸಣ್ಣ ದನಿಯಲ್ಲಿ.

ಶೈಲಾಳ ಕಣ್ಣು ತುಂಬಿತು. "ಕಾಲಿಗೆ ಬಂದದ್ದು ನನ್ನ ಬಾಯಿಂದಽ ಬಂತಲ್ರಿ ಕಾಕಾ."

ಪ್ರಣೀತಾ ಅವಳ ಕೈ ಹಿಡಿದರು. "ಅಳಬ್ಯಾಡ. ನಮ್ಮ ಕಾಶೀಬಾಯಿ ಅತ್ತಿ ಕಾಲ ಹಿಂಗಽ ಹೋತು, ಮೊಣಕಾಲ ಕೆಳಗ ಕೊಯ್ದ್ರು. ನಾನು ಆಗಽ ನರ್ಸ್ ಇದ್ದೆ. ಊರ ಮಂದಿ ಬಿಪಿ ನೋಡ್ತಿದ್ದೆ, ಮನ್ಯಾಗಿನ ಕಾಲ ನೋಡಲಿಲ್ಲ. ಅದಕ್ಕಽ ಈಗ ಊರೂರು ತಿರಗಾಕತ್ತೇನಿ. ಈ ಕಾಲ ಇನ್ನೂ ಉಳೀತೈತಿ, ನಡಿ, ಡಾಕ್ಟರನ್ನ ಕರಿ."

"ಬೀರಪ್ಪನ ಗುಡಿ ಅರಿಷಿಣ ಭಂಡಾರ ಹಚ್ಚಿದ್ರ ಆಗೂದಿಲ್ಲೇನ್ರಿ?" ಎಂದಳು ತಂಗೆವ್ವ.

"ಭಂಡಾರ ಹಣಿಗೆ ಹಚ್ಚರಿ ಕಾಕು. ಗಾಯಕ್ಕ ಬ್ಯಾಡ, ಸುಣ್ಣನೂ ಬ್ಯಾಡ. ಮನ್ಯಾಗ ಸೂಜಿಲೆ ಕೆದರೂದಂತೂ ಬ್ಯಾಡಽ ಬ್ಯಾಡ."

ಕೃಷ್ಣಾಜಿ ಡಾಕ್ಟರು ಮುಳ್ಳು ತೆಗೆದು, ಗಾಯ ತೊಳೆದು, ಪಟ್ಟಿ ಕಟ್ಟಿದರು. ಔಷಧಿ ಕೊಟ್ಟು, ಮೂರು ತಿಂಗಳ ಸಕ್ಕರೆಯ ಅಂದಾಜು ಹೇಳುವ ಇನ್ನೊಂದು ರಕ್ತ ತಪಾಸಣೆಯನ್ನೂ ಮಾಡಿಸಿದರು. ಅದರ ಮುಂದೆ ಅರ್ಧ ರೊಟ್ಟಿಯ ಆಟ ನಡೆಯಲಿಲ್ಲ. ಸಕ್ಕರೆ ತುಂಬಾ ಮೇಲಿತ್ತು.

ಆ ದಿನ ಶೈಲಾ ಬೈಯಲಿಲ್ಲ. ಪಕ್ಕದಲ್ಲಿ ಕುಳಿತು ಕೇಳಿದಳು: "ಕಾಕಾ, ಗುಳಿಗಿ ಯಾಕ ತಪ್ಪತೈತಿ?"

"ಬೆಳಗ ಮುಂಜಾನೆ ಕುರಿ ಹೊಡಕೊಂಡು ಹೊಂಟ್ರ ನೆನಪಽ ಉಳಿಯೂದಿಲ್ಲವ್ವಾ" ಎಂದ. ಗುಳಿಗೆಯ ಬಗ್ಗೆ ಅವನು ದವಾಖಾನೆಯಲ್ಲಿ ಹೇಳಿದ ಮೊದಲ ಖರೆ ಮಾತು ಅದು. ಇಬ್ಬರೂ ಕೂಡಿ ದಾರಿ ಹುಡುಕಿದರು. ಬುತ್ತಿಗಂಟಿನಲ್ಲಿ ರೊಟ್ಟಿಯ ಜೊತೆಗೇ ಗುಳಿಗೆ ಕಟ್ಟುವುದೆಂದು ನಿಶ್ಚಯವಾಯಿತು. ಊಟದ ಜೊತೆ ನುಂಗುವ ಗುಳಿಗೆಯಾದ್ದರಿಂದ ಡಾಕ್ಟರೂ ಒಪ್ಪಿದರು.

ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಕಾಲು ಉಳಿಯಿತು. ಈಗ ಶೈಲಾಳ ದವಾಖಾನೆಯಲ್ಲಿ ಸಕ್ಕರೆ ಕಾಯಿಲೆಯವರು ಬಂದರೆ ಬೆರಳಿನ ಜೊತೆ ಅಂಗಾಲನ್ನೂ ತೋರಿಸಬೇಕು. ನಾಚುವವರಿಗೆ ಅವಳು ಗಿರಮಲ್ಲಪ್ಪನ ಕುರಿಗಳ ಕಥೆ ಹೇಳುತ್ತಾಳೆ.

ಸಂಜೆ ಗಿರಮಲ್ಲಪ್ಪ ದೊಡ್ಡಿಯ ಬಾಗಿಲಲ್ಲಿ ಕುಳಿತು ಒಂದೊಂದೇ ಕುರಿಯ ಗೊರಸು ನೋಡಿ ಒಳಗೆ ಬಿಡುತ್ತಾನೆ. ಕೊನೆಯದು ಒಳಗೆ ಹೋದ ಮೇಲೆ ತಂಗೆವ್ವ ಕೈಯಲ್ಲಿ ಕನ್ನಡಿ ಹಿಡಿದು ಬರುತ್ತಾಳೆ.

"ನಲವತ್ತೂ ಆದುವಿಲ್ಲೋ? ಇನ್ನೊಂದು ಉಳದೈತಿ, ಕಾಲ ಚಾಚರಿ."

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯವರು ಇರಬಹುದು. ಗುಳಿಗೆ ತಪ್ಪಿದ್ದರೆ ತಪ್ಪಿದೆ ಎಂದೇ ನರ್ಸಮ್ಮನಿಗೆ ಹೇಳಿ, ಉಪವಾಸ ಬಿದ್ದು ರಕ್ತ ಚೆಂದ ಮಾಡಿಕೊಂಡು ಹೋಗಬೇಡಿ. ದವಾಖಾನೆಯಲ್ಲಿ ಕಾಲು ನೋಡದಿದ್ದರೆ "ಕಾಲೂ ನೋಡ್ರಿ" ಎಂದು ನೀವೇ ಕೇಳಿ. ಹೊಲಕ್ಕೆ, ಮಗ್ಗಕ್ಕೆ ಬರಿಗಾಲಲ್ಲಿ ಹೋಗಬೇಡಿ. ಸಣ್ಣ ಗಾಯವಾದರೂ ಅದೇ ದಿನ ತೋರಿಸಿ. ದನ, ಕುರಿ, ಮಕ್ಕಳು ಎಲ್ಲರ ಆರೈಕೆ ಮುಗಿಸಿ ಕೊನೆಗೆ ಉಳಿಯುವ ಒಬ್ಬರು ನಿಮ್ಮ ಮನೆಯಲ್ಲಿ ಯಾರು? ಇವತ್ತು ಸಂಜೆ ದೀಪ ಹಚ್ಚಿದ ಮೇಲೆ ಅವರನ್ನು ಕೂರಿಸಿ ಅಂಗಾಲು ತಿರುಗಿಸಿ ನೋಡಿ.